ನರಿಗೆ ಈಗ ಯಾರು ಊಟ ಹಾಕ್ತಿದ್ದಾರೆ?

ಹಿಂದಿನ ಮಾತುಕತೆಯಲ್ಲಿ ಯಾವುದೋ ವಿಷಯದ ನಡುವೆ "ನಮ್ಮನೆಯಿಂದ ಒಂದು ನರೀನ ದತ್ತು ತಗೊಂಡಿದ್ದೀವಿ" ಅಂತ ಹೇಳಿ ಮುಂದೆ ಹೋಗಿಬಿಟ್ಟಿದ್ದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ನರಿಯ ಬಗ್ಗೆಯೇ. ಹೈದರಾಬಾದಿನ ಫ್ಲ್ಯಾಟಿನಲ್ಲಿ ನರೀನ ಎಲ್ಲಿಟ್ಟಿದ್ದೀರಿ ಅಂತ ಒಬ್ಬರು ನಿಜವಾಗಲೂ ಕೇಳಿದ್ದಾರೆ. ಹಾಗಾಗಿ ಇವತ್ತು ಪೂರ್ತಿ ಅದೇ ವಿಷಯ.

ನಮ್ಮ ಮನೆ ಇರೋದು ಮೈಸೂರಿನ ಇಟ್ಟಿಗೆಗೂಡಿನಲ್ಲಿ, ಮೃಗಾಲಯದ ಕಾಂಪೌಂಡಿಗೆ ಹತ್ತಿರ. ಬೆಳಗಿನ ಜಾವ ಸಿಂಹದ ಗರ್ಜನೆ ಕೇಳಿಸ್ತದೆ. ಹೊಸಬರು ಬೆಚ್ಚಿ ಎದ್ದು ಕೂರ್ತಾರೆ, ನಾವು ಮಗ್ಗುಲು ಬದಲಿಸಿ ಮಲಗ್ತೀವಿ. ಅಪ್ಪ ದಿನಾ ಕಾರಂಜಿ ಕೆರೆ ಕಡೆ ವಾಕಿಂಗ್ ಹೋಗೋರು. ಯಾರಿಗಾದರೂ ಒಳ್ಳೇದಾದರೆ "ಬೆಳಿಗ್ಗೆ ನರಿ ಮುಖ ನೋಡಿ ಎದ್ದಿರಬೇಕು" ಅಂತ ನಾವೆಲ್ಲ ಹೇಳ್ತೀವಲ್ಲ, ಅಪ್ಪ ಮಾತ್ರ "ನನಗೆ ಬೇಕಾದಾಗ ಟಿಕೆಟ್ ತಗೊಂಡು ಹೋಗಿ ನೋಡ್ತೀನಿ" ಅನ್ನೋರು. ಅದು ಅವರ ಹಳೇ ಜೋಕು.

2021ರ ಜೂನ್‌ನಲ್ಲಿ ಅಪ್ಪನ ವರ್ಷದ ಕಾರ್ಯ ಬಂತು. ಕೋವಿಡ್ ಎರಡನೇ ಅಲೆ, ಲಾಕ್‌ಡೌನ್. ನಾನು ಹೈದರಾಬಾದಿನಲ್ಲಿ, ಅಮ್ಮ ಮೈಸೂರಿನಲ್ಲಿ. ಹೋಗೋಕೆ ಆಗಲಿಲ್ಲ. ಅದೇ ದಿನಗಳಲ್ಲಿ ಒಬ್ಬ ಜನಪ್ರಿಯ ಕನ್ನಡ ನಟರು, ಮೃಗಾಲಯಗಳು ಕಷ್ಟದಲ್ಲಿವೆ, ಪ್ರಾಣಿಗಳನ್ನು ದತ್ತು ತಗೊಳ್ಳಿ ಅಂತ ಕರೆ ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ರಾಜ್ಯದ ಮೃಗಾಲಯಗಳಿಗೆ ಬಂದ ಹಣ ಕೋಟಿ ರೂಪಾಯಿ ದಾಟಿತು. ನಾನೂ ಆ ಗುಂಪಿನಲ್ಲಿ ಒಬ್ಬ. ಅಪ್ಪನ ಹೆಸರಲ್ಲಿ ಒಂದು ನರಿ, ಒಂದು ವರ್ಷಕ್ಕೆ. ಸರ್ಟಿಫಿಕೇಟ್ ಬಂತು. ಅಮ್ಮ ಅದಕ್ಕೆ ಚೌಕಟ್ಟು ಹಾಕಿಸಿ ಅಪ್ಪನ ಫೋಟೊ ಪಕ್ಕ ಇಟ್ಟರು.

ಮುಂದಿನ ವರ್ಷ ನಾನು ಮರೆತೆ. ಪ್ರಾಜೆಕ್ಟು, ಮನೆ ಬದಲಾವಣೆ, ಮಗಳ ಸ್ಕೂಲು... ಕಾರಣಗಳಿಗೇನು ಬರ. ಅಕ್ಟೋಬರಿನಲ್ಲಿ ಒಂದು ಭಾನುವಾರ ಅಮ್ಮ ಫೋನ್ ಮಾಡಿ, "ಲೋ, ಆ ಕಾಗದದಲ್ಲಿ ಬರೆದಿರೋ ತಾರೀಖು ಮುಗಿದು ನಾಲ್ಕು ತಿಂಗಳಾಯ್ತು. ಆ ನರಿಗೆ ಈಗ ಯಾರು ಊಟ ಹಾಕ್ತಿದ್ದಾರೆ?" ಅಂದರು.

ನಾಚಿಕೆಯಾಯ್ತು, ಸುಳ್ಳು ಹೇಳಲ್ಲ. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಏನು ಅಂತ ಹುಡುಕೋಕೆ ಹೋದಾಗಲೇ ಈ ದತ್ತು ಅನ್ನೋದು ಏನು, ಏನಲ್ಲ ಅಂತ ನನಗೆ ಅರ್ಥ ಆಗಿದ್ದು.

ಮೊದಲು ಏನಲ್ಲ ಅನ್ನೋದನ್ನ ನೋಡೋಣ. ದತ್ತು ತಗೊಂಡರೆ ಪ್ರಾಣಿ ನಿಮ್ಮದಾಗಲ್ಲ, ಮನೆಗೆ ಬರಲ್ಲ. ಅದನ್ನ ಮುಟ್ಟೋ, ಅದಕ್ಕೆ ತಿನ್ನಿಸೋ ಹಕ್ಕೂ ಸಿಗಲ್ಲ. ಒಂದೇ ಹುಲಿಯನ್ನ ಒಂದೇ ಸಮಯದಲ್ಲಿ ಹತ್ತು ಜನ ದತ್ತು ತಗೊಂಡಿರಬಹುದು. ನೀವು ದುಡ್ಡು ನಿಲ್ಲಿಸಿದ ದಿನ ಆ ಪ್ರಾಣಿ ಉಪವಾಸ ಬೀಳಲ್ಲ. ಅಮ್ಮನಿಗೂ ಅದನ್ನೇ ಹೇಳಿದೆ: ನರಿ ಊಟ ನರಿಗೆ ಸಿಗ್ತಿದೆ, ಚಿಂತೆ ಬೇಡ. ಅಮ್ಮ ಬಿಡಲಿಲ್ಲ. "ಹಾಗಾದರೆ ನೀನು ಕೊಟ್ಟಿದ್ದು ಯಾತಕ್ಕೆ?"

ಯಾತಕ್ಕೆ ಅನ್ನೋದಕ್ಕೆ ಮೃಗಾಲಯದ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ ಶುರುವಾಗಿದ್ದು 1892ರಲ್ಲಿ, ಅರಮನೆಯ ಮೃಗಾಲಯವಾಗಿ. 1979ರಿಂದ ಅದು ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೆಳಗಿದೆ. ಬಹಳ ಜನ ಇದು ಸರ್ಕಾರದ್ದು ತಾನೇ, ಬಜೆಟ್‌ನಲ್ಲಿ ದುಡ್ಡು ಬರ್ತದೆ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಜ ಏನಂದರೆ ಅದರ ದಿನನಿತ್ಯದ ಖರ್ಚಿನ ಬಹುಪಾಲು ಗೇಟಿನ ಟಿಕೆಟ್ ದುಡ್ಡಿನಿಂದಲೇ ನಡೀಬೇಕು. ದಸರಾ, ಬೇಸಿಗೆ ರಜೆ, ಕ್ರಿಸ್‌ಮಸ್ ರಜೆ, ಈ ದಿನಗಳ ನೂಕುನುಗ್ಗಲಿನ ದುಡ್ಡೇ ವರ್ಷಪೂರ್ತಿ ಬರಬೇಕು.

ಈಗ ಖರ್ಚಿನ ಕಡೆ ನೋಡಿ. ಒಂದು ದೊಡ್ಡ ಆನೆಗೆ ದಿನಕ್ಕೆ ಸುಮಾರು ನೂರೈವತ್ತು ಕೆಜಿ ಮೇವು ಬೇಕು. ಹುಲಿಗೆ ಎಂಟು ಹತ್ತು ಕೆಜಿ ಮಾಂಸ. (ಅನೇಕ ಮೃಗಾಲಯಗಳಲ್ಲಿ ಹುಲಿ, ಸಿಂಹಕ್ಕೆ ವಾರಕ್ಕೊಂದು ದಿನ ಉಪವಾಸ. ಕಾಡಲ್ಲೂ ಅವು ದಿನಾ ತಿನ್ನಲ್ಲ, ಅದಕ್ಕೆ.) ಡಾಕ್ಟರು, ಔಷಧಿ, ಪ್ರಾಣಿಪಾಲಕರ ಸಂಬಳ, ನೀರು, ಕರೆಂಟು ಬೇರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಖರ್ಚು ಪೂರ್ತಿ ಫಿಕ್ಸೆಡ್, ಆದಾಯ ಪೂರ್ತಿ ವೇರಿಯಬಲ್. ಇಂಥ ಸ್ಟಾರ್ಟಪ್‌ಗೆ ನೀವು ಕೆಲಸಕ್ಕೆ ಸೇರ್ತೀರಾ?

ಗೇಟು ಮುಚ್ಚಿದರೆ ಏನಾಗ್ತದೆ ಅನ್ನೋದಕ್ಕೆ ಕೋವಿಡ್ ಮೊದಲನೇ ಉದಾಹರಣೆ ಅಲ್ಲ. 2017ರ ಜನವರಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಮೈಸೂರು ಮೃಗಾಲಯ ಸುಮಾರು ಒಂದು ತಿಂಗಳು ಮುಚ್ಚಿತ್ತು. ಆಮೇಲೆ 2020ರ ಮಾರ್ಚ್‌ನಿಂದ, ಮತ್ತೆ 2021ರಲ್ಲಿ. ಜನ ಬರಲಿಲ್ಲ ಅಂತ ಆನೆ ತಿನ್ನೋದು ಬಿಡ್ತದಾ?

ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲಿದೆ. ನನ್ನ ನರಿ ದುಡ್ಡು ಆ ಒಂದು ನರಿಯ ತಟ್ಟೆಗೆ ನೇರ ಹೋಗಿ ಬೀಳೋದು ಅಂತ ತಿಳ್ಕೊಬೇಡಿ. ಗೇಟಿನ ಟಿಕೆಟ್ ಇರಲಿ, ಬಿಡಲಿ, ನಿಲ್ಲದೆ ಬರೋ ಆದಾಯದ ಒಂದು ಸಣ್ಣ ಎಳೆ ಅದು. ಎಳೆ ಗಟ್ಟಿಯಾಗಿರಬೇಕಾದರೆ ಅದು ಪ್ರತಿ ವರ್ಷ ಬರಬೇಕು. 2021ರಲ್ಲಿ ಭಾವುಕನಾಗಿ ಕೊಟ್ಟು 2022ರಲ್ಲಿ ಮರೆತ ನನ್ನಂಥವನಿಂದ ಆ ಮೊದಲನೇ ವರ್ಷ ಉಪಯೋಗ ಆಯ್ತು, ಅಷ್ಟೇ.

ಇನ್ನೊಂದು ಪ್ರಶ್ನೆ ಇದೆ, ಇದು ಸುಲಭದ್ದಲ್ಲ. ನನ್ನ ಮಗಳು ಕೇಳಿದ್ದು. ಅವಳಿಗೆ ಆಗ ಒಂಬತ್ತು ವರ್ಷ. "ಅಪ್ಪಾ, ಅದನ್ನ ಪಂಜರದಲ್ಲಿ ಇಟ್ಟಿದ್ದಾರೆ. ನಾವು ಇಟ್ಟವರಿಗೆ ದುಡ್ಡು ಕೊಡ್ತಿದ್ದೀವಾ?"

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನನಗೂ ಬೇಸರ ಇದೆ. ಬರೀ ಜನರನ್ನ ಸೆಳೆಯೋಕೆ ದೂರದ ದೇಶದಿಂದ ಪ್ರಾಣಿ ತರಿಸೋದು ನನಗೆ ಇಷ್ಟ ಇಲ್ಲ, ಅದಕ್ಕೆ ನಾನು ದುಡ್ಡು ಕೊಡಲ್ಲ. ಆದರೆ ಮೃಗಾಲಯದ ಒಳಗಿರೋ ಪ್ರಾಣಿಗಳೆಲ್ಲ ಹಾಗೆ ಬಂದವಲ್ಲ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನ ಸರ್ಕಸ್‌ನಂಥ ಪ್ರದರ್ಶನಕ್ಕೆ ಬಳಸಬಾರದು ಅಂತ ಅಧಿಸೂಚನೆ ಹೊರಡಿಸಿತು. ಸರಿ, ಸರ್ಕಸ್ಸಿನಿಂದ ಬಿಡಿಸಿದ ಸಿಂಹ ಎಲ್ಲಿಗೆ ಹೋಗಬೇಕು? ಹುಟ್ಟಿದ್ದೇ ಪಂಜರದಲ್ಲಿ, ಬೇಟೆ ಗೊತ್ತಿಲ್ಲ. ಅಂಥವುಗಳಲ್ಲಿ ಎಷ್ಟೋ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಬಂದವು. ನಾವು ಚಿಕ್ಕವರಿದ್ದಾಗ ಮೂಗಿಗೆ ಹಗ್ಗ ಹಾಕಿ ಕರಡಿ ಕುಣಿಸ್ತಾ ಬೀದಿಗೆ ಬರ್ತಿದ್ದರಲ್ಲ, ಆ ಕರಡಿಗಳಿಗೂ ಬನ್ನೇರುಘಟ್ಟದಲ್ಲಿ ಒಂದು ಕೇಂದ್ರ ಇದೆ. ಹಲ್ಲು ಮುರಿದ ಕರಡಿಯನ್ನ ಕಾಡಿಗೆ ಬಿಟ್ಟರೆ ಅದು ಉಳಿಯಲ್ಲ.

ಮೈಸೂರಿನ ಹತ್ತಿರ ಕೂರ್ಗಳ್ಳಿಯಲ್ಲಿ ಇನ್ನೊಂದು ಜಾಗ ಇದೆ, ಮೃಗಾಲಯದವರೇ ನಡೆಸೋ ಚಾಮುಂಡಿ ಪುನರ್ವಸತಿ ಕೇಂದ್ರ. ಬಂಡೀಪುರ, ನಾಗರಹೊಳೆ ಕಡೆ ಊರಿಗೆ ನುಗ್ಗಿ ಸೆರೆಯಾದ ಹುಲಿ, ಚಿರತೆಗಳು, ಗಾಯಗೊಂಡವು, ವಯಸ್ಸಾದವು ಅಲ್ಲಿಗೆ ಬರ್ತವೆ. ಅಲ್ಲಿಗೆ ಪ್ರವಾಸಿಗರನ್ನ ಬಿಡಲ್ಲ. ಈ ವಿಷಯ ತಿಳಿದಾಗ ನನ್ನ ತಲೆಯಲ್ಲಿ ಒಂದು ಲೆಕ್ಕ ಸರಿಯಾಗಿ ಕೂತಿತು: ಯಾರೂ ನೋಡದ ಪ್ರಾಣಿಗೆ ಟಿಕೆಟ್ ದುಡ್ಡು ಇಲ್ಲ. ಆದರೆ ಊಟ ಅಷ್ಟೇ ಬೇಕು, ಔಷಧಿ ಬಹುಶಃ ಹೆಚ್ಚೇ ಬೇಕು. ಮುಂದೆ ಜನರಿಗೆ ಕಾಣಿಸೋ ಪ್ರಾಣಿ ಹಿಂದೆ ಇರೋ ಮುದಿ ಹುಲಿಯನ್ನೂ ಸಾಕಬೇಕು.

ಮಗಳಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ನಮ್ಮ ನರಿ ಎಲ್ಲಿಂದ ಬಂತು?" ಅಂದಳು. ಗೊತ್ತಿಲ್ಲ ಅಂದೆ. "ಕೇಳು ಮತ್ತೆ" ಅಂದಳು. ನ್ಯಾಯವಾದ ಮಾತು. ದತ್ತು ತಗೊಳ್ಳೋ ಮುಂಚೆ ನಾನು ದರ ಮಾತ್ರ ನೋಡಿದ್ದೆ.

ಇನ್ನು ಹೇಗೆ ಮಾಡೋದು ಅನ್ನೋದು. ಅದೇನೂ ಕಷ್ಟ ಇಲ್ಲ. ಮೃಗಾಲಯ ಪ್ರಾಧಿಕಾರದ್ದೇ ವೆಬ್‌ಸೈಟು, 'ಜೂಸ್ ಆಫ್ ಕರ್ನಾಟಕ' ಅಂತ ಆ್ಯಪು ಇವೆ. ಯಾವ ಮೃಗಾಲಯ, ಯಾವ ಪ್ರಾಣಿ, ಎಷ್ಟು ಅವಧಿ ಆರಿಸಿ ಹಣ ಕಟ್ಟಬೇಕು. ಸಣ್ಣ ಹಕ್ಕಿಗಳಿಗೆ ಸಾವಿರದ ಲೆಕ್ಕ, ಆನೆಗೆ ಲಕ್ಷದ ಲೆಕ್ಕ. ದರ ಆಗಾಗ ಪರಿಷ್ಕರಣೆ ಆಗ್ತದೆ, ಅಲ್ಲೇ ನೋಡಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಕ್ಯೂಆರ್ ಕೋಡಿಗೆ ಮಾತ್ರ ದುಡ್ಡು ಹಾಕಬೇಡಿ, ಎಷ್ಟೇ ಮುದ್ದಾದ ಆನೆಮರಿ ಫೋಟೊ ಇರಲಿ.

ಪ್ರಾಧಿಕಾರದ ಕೆಳಗೆ ಮೈಸೂರು, ಬನ್ನೇರುಘಟ್ಟ ಮಾತ್ರ ಅಲ್ಲ, ಒಟ್ಟು ಒಂಬತ್ತು ಮೃಗಾಲಯ ಇವೆ. ಶಿವಮೊಗ್ಗದ ತ್ಯಾವರೆಕೊಪ್ಪ, ಗದಗದ ಬಿಂಕದಕಟ್ಟಿ, ಹಂಪಿ ಹತ್ತಿರದ ಕಮಲಾಪುರ, ಬೆಳಗಾವಿಯ ಭೂತರಾಮನಹಟ್ಟಿ, ದಾವಣಗೆರೆಯ ಆನಗೋಡು, ಚಿತ್ರದುರ್ಗದ ಆಡುಮಲ್ಲೇಶ್ವರ, ಕಲಬುರಗಿ. ಮೈಸೂರಿಗೆ ದಸರಾ ಇದೆ, ಬನ್ನೇರುಘಟ್ಟಕ್ಕೆ ಬೆಂಗಳೂರು ಇದೆ. ಉಳಿದವಕ್ಕೆ ಅಂಥ ಗಿರಾಕಿ ಎಲ್ಲಿ? ಪುಣೆಯಲ್ಲಿರೋ ಗದಗಿನವರು, ಮುಂಬೈಯಲ್ಲಿರೋ ಬೆಳಗಾವಿಯವರು ನಿಮ್ಮ ಊರಿನದ್ದನ್ನೇ ಹಿಡಿಯಿರಿ ಅಂತ ನನ್ನ ಒತ್ತಾಯ. ನಾನು ಮೈಸೂರಿನವನು, ನನ್ನ ದುಡ್ಡು ಮೈಸೂರಿಗೆ ಹೋಯ್ತು, ಆದರೆ ತಲೆಯಿಂದ ಯೋಚಿಸಿದ್ದರೆ ಬಿಂಕದಕಟ್ಟಿಗೆ ಹೋಗಬೇಕಿತ್ತು.

ಪ್ರಾಣಿ ಆರಿಸೋದೂ ಹಾಗೇ. ಎಲ್ಲರ ಕಣ್ಣು ಹುಲಿ ಮೇಲೆ, ಆನೆ ಮೇಲೆ. ಕತ್ತೆಕಿರುಬನ ಹೆಸರಲ್ಲಿ ಮಗನ ಬರ್ತ್‌ಡೇ ಆಚರಿಸೋರು ಎಷ್ಟು ಜನ ಇದ್ದಾರೆ ಹೇಳಿ. ಹೆಸರಿಗೇ ಅರ್ಧ ಸೋಲು.

ಊರು ಬಿಟ್ಟು ಇಲ್ಲೇ ನೆಲೆ ನಿಂತವರು ಇದ್ದ ಊರಲ್ಲೂ ಮಾಡಬಹುದು. ನಮ್ಮ ಹೈದರಾಬಾದಿನ ನೆಹರೂ ಮೃಗಾಲಯದಲ್ಲಿ ಈ ಯೋಜನೆ ಇದೆ. ಚೆನ್ನೈಯವರಿಗೆ ವಂಡಲೂರು, ಮುಂಬೈಯವರಿಗೆ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಬೊರಿವಲಿಯಲ್ಲಿ ಇರೋ ಚಿರತೆಗಳಲ್ಲಿ ಊರೊಳಗೆ ಸಿಕ್ಕಿಬಿದ್ದವೂ ಇವೆ, ಆ ಕಥೆ ಅಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಟ್ಯಾಕ್ಸ್ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಕರ್ನಾಟಕದ ಮೃಗಾಲಯಗಳಿಗೆ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಇದೆ. ಆದರೆ ಹಳೇ ರೆಜೀಮ್‌ನಲ್ಲಿ ಇದ್ದರೆ ಮಾತ್ರ. ಹೊಸ ರೆಜೀಮ್‌ನಲ್ಲಿ ಇದರಿಂದ ನಿಮಗೆ ಒಂದು ರೂಪಾಯಿ ಉಳಿಯಲ್ಲ, ಮತ್ತು ಈಗ ನೀವು ಏನೂ ಆರಿಸದಿದ್ದರೆ ಹೊಸದರಲ್ಲೇ ಇರ್ತೀರಿ. ಹಳೇದರಲ್ಲಿ ಇರೋರು ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಡಬೇಡಿ, ಆ ದುಡ್ಡಿಗೆ ವಿನಾಯಿತಿ ಸಿಗಲ್ಲ. ಹಣಕಾಸು ವರ್ಷ ಮುಗಿದ ಮೇಲೆ ದೇಣಿಗೆಯ ಸರ್ಟಿಫಿಕೇಟ್ ಕೇಳಿ ತಗೊಳ್ಳಿ, ರಿಟರ್ನ್ ಫೈಲ್ ಮಾಡುವಾಗ ಬೇಕು. ಇದಕ್ಕಿಂತ ಹೆಚ್ಚು ನಿಮ್ಮ ಆಡಿಟರ್‌ನ ಕೇಳಿ.

ನಿಜವಾಗಿ ದೊಡ್ಡ ದುಡ್ಡು ಇರೋದು ನಮ್ಮ ಜೇಬಲ್ಲಿ ಅಲ್ಲ, ಕಂಪನಿಯ ಸಿಎಸ್ಆರ್‌ನಲ್ಲಿ. 2013ರ ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲ್‌ನಲ್ಲಿ ಪ್ರಾಣಿ ಕಲ್ಯಾಣ ಅಂತ ಸ್ಪಷ್ಟವಾಗಿ ಇದೆ. ನಿಮ್ಮ ಸಿಎಸ್ಆರ್ ಟೀಮಿಗೆ ಒಂದು ಮೇಲ್ ಬರೆಯೋಕೆ ಹತ್ತು ನಿಮಿಷ. ನಾನು ಬರೆದಿದ್ದೀನಿ. ಎರಡು ಸಲ. ಮೊದಲನೇದಕ್ಕೆ ಉತ್ತರ ಬರಲಿಲ್ಲ, ಎರಡನೇದಕ್ಕೆ "ಮುಂದಿನ ಕ್ವಾರ್ಟರ್ ನೋಡೋಣ" ಅಂತ ಬಂತು. ಇದನ್ನ ಪ್ರಗತಿ ಅಂತ ಕರೆಯೋಕೆ ನಾವೆಲ್ಲ ಕಲಿತಿದ್ದೀವಲ್ಲ.

ನರಿಯ ವಿಷಯಕ್ಕೆ ಬರ್ತೀನಿ. ಅಮ್ಮನ ಫೋನ್ ಬಂದ ರಾತ್ರಿಯೇ ನವೀಕರಣ ಮಾಡಿದೆ, ಕ್ಯಾಲೆಂಡರಿನಲ್ಲಿ ಜೂನ್ ತಿಂಗಳಿಗೆ ರಿಮೈಂಡರ್ ಹಾಕಿದೆ. ಅದಾದ ಮೇಲೆ ಮಗಳನ್ನ ಕರಕೊಂಡು ಊರಿಗೆ ಹೋದಾಗ ನರಿ ತೋರಿಸೋಣ ಅಂತ ಹೊರಟೆವು. ಸೋಮವಾರ ರಾತ್ರಿ ಬಸ್ಸಿಳಿದು, ಬೆಳಿಗ್ಗೆ ತಿಂಡಿ ತಿಂದು ಮೂವರೂ ಗೇಟಿನ ಮುಂದೆ. ಬೀಗ. ಮಂಗಳವಾರ ರಜೆ. ಹುಟ್ಟಿ ಬೆಳೆದ ಊರು, ಗೋಡೆಯಾಚೆಯ ಮೃಗಾಲಯ, ರಜೆ ಯಾವತ್ತು ಅನ್ನೋದೇ ಮರೆತುಹೋಗಿತ್ತು ನನಗೆ. ಅಮ್ಮನಿಗೆ ಗೊತ್ತಿತ್ತಂತೆ. "ಕೇಳಿದ್ದರೆ ಹೇಳ್ತಿದ್ದೆ" ಅಂದರು.

ಮೂವರೂ ಕಾರಂಜಿ ಕೆರೆ ಕಡೆ ನಡೆದೆವು. ಅದಕ್ಕೂ ಅವತ್ತು ರಜೆಯೇ. ಬುಧವಾರ ಬೆಳಿಗ್ಗೆ ಮತ್ತೆ ಹೋದೆವು. ನರಿ ನೆರಳಲ್ಲಿ ಮಲಗಿತ್ತು, ಒಂದು ಸಲ ಕಿವಿ ಅಲ್ಲಾಡಿಸಿತು, ನಮ್ಮ ಕಡೆ ತಿರುಗಿ ಕೂಡ ನೋಡಲಿಲ್ಲ. ಮಗಳು ಪ್ರಾಣಿಪಾಲಕರ ಹತ್ತಿರ ಹೋಗಿ ಇದು ಎಲ್ಲಿಂದ ಬಂತು ಅಂತ ಕೇಳೋಕೆ ಶುರು ಮಾಡಿದಳು. ಅಮ್ಮ ಕಟ್ಟೆ ಮೇಲೆ ಕೂತು, "ಚೆನ್ನಾಗೇ ತಿಂದುಕೊಂಡಿದೆ ಕಣೋ" ಅಂದರು.