ಮರ ಕಡಿಯುವ ಕೆಲಸದಲ್ಲಿ ಎಚ್ಚರಿಕೆಯ ನಿಯಮಗಳೂ ನ್ಯಾಯವಾದ ದಂಡವೂ

ಸುಗ್ಗಿಯ ಕೆಲಸವು ಮುಗಿದು ಹೊಲಗಳು ಬರಿದಾದ ಬಳಿಕ ರೈತರು ಬದುಗಳ ಮೇಲಿನ ಮರಗಳ ಕಡೆಗೆ ಗಮನ ಕೊಡುವುದು ವಾಡಿಕೆ. ಒಣಗಿದ ಹುಣಿಸೆ, ಪೈರಿಗೆ ನೆರಳು ಮಾಡುವ ಜಾಲಿ, ತೊಲೆಗೆ ಬಂದ ಹಲಸು, ಬಲಿತ ಸರ್ವೆಯ ತೋಪು, ಇವುಗಳನ್ನು ಕಡಿಸುವುದು ಸಾಮಾನ್ಯವಾಗಿ ಈ ಕಾಲದಲ್ಲಿಯೇ. ಉಳುವುದರಲ್ಲಿಯೂ ಬಿತ್ತುವುದರಲ್ಲಿಯೂ ತಪ್ಪಾದರೆ ಒಂದು ಬೆಳೆ ಕೆಡುವುದು. ಮುಂದಿನ ವರ್ಷ ಅದನ್ನು ಸರಿಪಡಿಸಿಕೊಳ್ಳಬಹುದು. ಮರ ಕಡಿಯುವುದರಲ್ಲಿ ತಪ್ಪಾದರೆ ಒಬ್ಬ ಮನುಷ್ಯನ ಕಾಲಾಗಲಿ, ಬೆನ್ನಾಗಲಿ, ಪ್ರಾಣವೇ ಆಗಲಿ ಹೋಗುವುದು. ಅದನ್ನು ಸರಿಪಡಿಸುವ ಮುಂದಿನ ವರ್ಷವೆಂಬುದು ಇಲ್ಲ.

ಆದುದರಿಂದ ಮರ ಕಡಿಸುವ ಪ್ರತಿಯೊಬ್ಬ ಜಮೀನುದಾರನೂ ಎರಡು ವಿಷಯಗಳನ್ನು ಚೆನ್ನಾಗಿ ತಿಳಿದಿರಬೇಕು. ಕೆಲಸದಲ್ಲಿ ಯಾವ ನಿಯಮಗಳನ್ನು ನಡೆಸತಕ್ಕದ್ದು ಎಂಬುದು ಮೊದಲನೆಯದು. ಆ ನಿಯಮಗಳನ್ನು ಮೀರಿದರೆ ಯಾರಿಗೆ, ಎಷ್ಟು ದಂಡ ವಿಧಿಸುವುದು ನ್ಯಾಯ ಎಂಬುದು ಎರಡನೆಯದು. ನಿಯಮವಿಲ್ಲದೆ ದಂಡ ಹಾಕುವುದು ಅನ್ಯಾಯ. ಯಾರೂ ನಡೆಸದ ನಿಯಮವು ವ್ಯರ್ಥ. ಇವೆರಡನ್ನೂ ಈ ಕರಪತ್ರದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

೧. ಕಡಿಯುವುದಕ್ಕೆ ಮೊದಲು

ಮೊದಲು ಅನುಮತಿಯ ವಿಚಾರ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಮೀನಿನಲ್ಲಿರುವ ಮರವನ್ನು ಕಡಿಯುವುದಕ್ಕೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಲಿಖಿತ ಅನುಮತಿ ಬೇಕು. ನೀಲಗಿರಿ, ಸರ್ವೆ, ತೆಂಗು ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಒಣಗಿದ, ರೋಗ ಹಿಡಿದ, ಗಾಳಿಗೆ ಉರುಳಿದ ಅಥವಾ ಪ್ರಾಣಕ್ಕೂ ಆಸ್ತಿಗೂ ಅಪಾಯ ತರುವ ಮರಕ್ಕೆ ಅನುಮತಿಯನ್ನು ನಿರಾಕರಿಸಕೂಡದೆಂದು ಆ ಕಾಯಿದೆಯೇ ಹೇಳುತ್ತದೆ. ಆದುದರಿಂದ ಅರ್ಜಿ ಕೊಡಲು ಹಿಂಜರಿಯಬೇಕಾದುದಿಲ್ಲ. ಅನುಮತಿಗೂ ಎಚ್ಚರಿಕೆಗೂ ಸಂಬಂಧವುಂಟು. ಯಾರಿಗೂ ತಿಳಿಯದಂತೆ ಮುಗಿಸಬೇಕೆಂದು ಕತ್ತಲೆಯಲ್ಲಿ, ಅವಸರದಲ್ಲಿ ಕಡಿಸುವ ಕೆಲಸದಲ್ಲಿ ಯಾವ ನಿಯಮವೂ ನಡೆಯುವುದಿಲ್ಲ.

ಬಳಿಕ ಮರವನ್ನು ಸುತ್ತಿ ಬಂದು ಪರೀಕ್ಷಿಸಬೇಕು. ಮರವು ಯಾವ ಕಡೆಗೆ ವಾಲಿದೆ, ಯಾವ ಕಡೆಯ ಕೊಂಬೆಗಳು ಭಾರವಾಗಿವೆ, ಕಾಂಡವು ಟೊಳ್ಳಾಗಿದೆಯೇ, ಮೇಲೆ ಒಣಕೊಂಬೆಗಳು ಸಿಕ್ಕಿಕೊಂಡಿವೆಯೇ, ಹೆಜ್ಜೇನು ಕಟ್ಟಿದೆಯೇ, ಇವೆಲ್ಲವನ್ನೂ ನೋಡತಕ್ಕದ್ದು. ಕೊಡಲಿಯ ತಲೆಯಿಂದ ಕಾಂಡವನ್ನು ತಟ್ಟಿದರೆ ಟೊಳ್ಳು ಮರವು ಬೇರೆ ದನಿ ಕೊಡುವುದು. ವಿದ್ಯುತ್ತಿನ ತಂತಿಯು ಮರದ ಎತ್ತರದೊಳಗೆ ಎಲ್ಲಿಯಾದರೂ ಇದ್ದರೆ, ವಿದ್ಯುತ್ ಸರಬರಾಜಿನವರಿಗೆ ತಿಳಿಸಿ ತಂತಿಯಲ್ಲಿನ ಪ್ರವಾಹವನ್ನು ನಿಲ್ಲಿಸುವವರೆಗೆ ಕೊಡಲಿ ಎತ್ತಕೂಡದು.

ಮರದ ಎತ್ತರವನ್ನು ಅಂದಾಜಿನಿಂದ ಹೇಳದೆ ಅಳೆಯುವುದು ಮೇಲು. ೪ ಅಡಿ ಉದ್ದದ ಕೋಲನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ, ಅದೇ ವೇಳೆಯಲ್ಲಿ ಮರದ ನೆರಳನ್ನೂ ಅಳೆಯಿರಿ. ಕೋಲಿನ ನೆರಳು ೩ ಅಡಿ, ಮರದ ನೆರಳು ೩೦ ಅಡಿ ಇದ್ದರೆ ಮರದ ಎತ್ತರ ೪೦ ಅಡಿ. ಕಡಿಯುವವರನ್ನು ಬಿಟ್ಟು ಉಳಿದವರೆಲ್ಲರೂ ಮರದ ಎತ್ತರದ ಎರಡರಷ್ಟು ದೂರ, ಎಂದರೆ ಈ ಲೆಕ್ಕದಲ್ಲಿ ೮೦ ಅಡಿ ಆಚೆಗೆ ಇರತಕ್ಕದ್ದು. ಮಕ್ಕಳನ್ನೂ ದನಕರುಗಳನ್ನೂ ಅಲ್ಲಿಂದ ಸಾಗಿಸಬೇಕು. ಹತ್ತಿರದಲ್ಲಿ ದಾರಿಯಿದ್ದರೆ ಎರಡು ಕಡೆಗಳಲ್ಲಿಯೂ ಒಬ್ಬೊಬ್ಬ ಆಳನ್ನು ಕಾವಲಿಡಬೇಕು.

ಕಡಿಯುವವರು ತಪ್ಪಿಸಿಕೊಳ್ಳುವ ದಾರಿಯನ್ನು ಮುಂಚಿತವಾಗಿಯೇ ಸವರಿ ಇಡುವುದು ಅತ್ಯಾವಶ್ಯಕ. ಮರ ಬೀಳುವ ದಿಕ್ಕಿಗೆ ನೇರ ಹಿಂದಕ್ಕೆ ಓಡುವುದು ತಪ್ಪು. ಬೀಳುವ ಮರದ ಬುಡವು ಎಷ್ಟೋ ವೇಳೆ ಹಿಂದಕ್ಕೆ ಚಿಮ್ಮುತ್ತದೆ. ಹಿಂಬದಿಗೆ ಎಡಕ್ಕೊಂದು, ಬಲಕ್ಕೊಂದು ಓರೆದಾರಿ ಇರಬೇಕು. ಅದರಲ್ಲಿ ಮುಳ್ಳು, ಕಲ್ಲು, ಬಳ್ಳಿ ಯಾವುದೂ ಇರಕೂಡದು. ಜೋರಾಗಿ ಗಾಳಿ ಬೀಸುವಾಗ, ಮಳೆಯಲ್ಲಿ, ಮಬ್ಬುಗತ್ತಲೆಯಲ್ಲಿ ಮರ ಕಡಿಯತಕ್ಕದ್ದಲ್ಲ.

೨. ಕಡಿಯುವಾಗ

ಮರವನ್ನು ಬೇಕಾದ ಕಡೆಗೆ ಬೀಳಿಸುವುದು ಬಲದ ಕೆಲಸವಲ್ಲ, ಕ್ರಮದ ಕೆಲಸ. ಬೀಳಬೇಕಾದ ಕಡೆಯಲ್ಲಿ ಮೊದಲು ಒಂದು ಕಚ್ಚು ತೆಗೆಯಬೇಕು. ಅದರ ಆಳವು ಕಾಂಡದ ಅಡ್ಡಗಲದ ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೆ ಇದ್ದರೆ ಸಾಕು. ಅನಂತರ ಎದುರು ಕಡೆಯಿಂದ, ಕಚ್ಚಿನ ತಳಕ್ಕಿಂತ ಒಂದೆರಡು ಅಂಗುಲ ಮೇಲೆ, ಗರಗಸದಿಂದ ಕೊಯ್ಯುತ್ತ ಬರಬೇಕು. ಈ ಎರಡು ಕೊಯ್ತಗಳೂ ಕೂಡಕೂಡದು. ನಡುವೆ ಅಡ್ಡಗಲದ ಹತ್ತನೆಯ ಒಂದು ಪಾಲಿನಷ್ಟು ಮರವನ್ನು ಕೊಯ್ಯದೆ ಬಿಡಬೇಕು. ಬಾಗಿಲಿಗೆ ಕೀಲು ಹೇಗೋ ಬೀಳುವ ಮರಕ್ಕೆ ಈ ಉಳಿದ ಪಟ್ಟಿ ಹಾಗೆ. ಅದು ಇರುವವರೆಗೆ ಮರವು ಗೊತ್ತುಮಾಡಿದ ಕಡೆಗೇ ಬಾಗುವುದು. ಅದನ್ನು ಕೊಯ್ದುಬಿಟ್ಟರೆ ಎತ್ತ ಬೇಕಾದರೂ ತಿರುಗುವುದು. ಉದಾಹರಣೆಗೆ, ೨೦ ಅಂಗುಲ ಅಡ್ಡಗಲದ ಕಾಂಡಕ್ಕೆ ಕಚ್ಚು ೪ ಅಥವಾ ೫ ಅಂಗುಲ, ಕೀಲು ೨ ಅಂಗುಲ. ಗರಗಸ ಸಿಕ್ಕಿಕೊಳ್ಳದಂತೆ ಹಿಂದಿನ ಕೊಯ್ತದಲ್ಲಿ ಬೆಣೆಗಳನ್ನು ಬಡಿಯುತ್ತ ಹೋಗತಕ್ಕದ್ದು.

ಹೆಚ್ಚಾಗಿ ವಾಲಿದ ಮರವು ಕೊಯ್ಯುತ್ತಿರುವಾಗಲೇ ಉದ್ದಕ್ಕೆ ಸೀಳಿ, ಸೀಳಿದ ಭಾಗವು ಕಡಿಯುವವನ ಎದೆಗೆ ಬಡಿಯುವುದುಂಟು. ಅಂತಹ ಮರವನ್ನು ಪಳಗಿದ ಕೈಗಳಿಗೆ ಮಾತ್ರ ಒಪ್ಪಿಸಬೇಕು. ಹಗ್ಗ ಹಾಕಿ ಎಳೆಯುವುದಾದರೆ ಹಗ್ಗದ ಉದ್ದವು ಮರದ ಎತ್ತರದ ಎರಡರಷ್ಟಿರಲಿ. ಗಿಡ್ಡ ಹಗ್ಗವು ಎಳೆಯುವವರನ್ನು ಮರದ ಕೆಳಕ್ಕೇ ತಂದು ನಿಲ್ಲಿಸುವುದು.

ಕೊಡಲಿಯ ತಲೆಯು ಕಾವಿನಲ್ಲಿ ಅಲ್ಲಾಡುತ್ತಿದ್ದರೆ ಅದನ್ನು ಆ ದಿನ ಬಳಸಕೂಡದು. ಯಂತ್ರಗರಗಸವು ಈಗ ಅನೇಕ ಗ್ರಾಮಗಳಿಗೆ ಬಂದಿದೆ. ಅದರ ಅಲಗಿನ ತುದಿಯ ಮೇಲ್ಭಾಗವು ಮರಕ್ಕೆ ತಾಕಿದರೆ ಗರಗಸವು ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಹಾರುತ್ತದೆ. ಆದುದರಿಂದ ಅದನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದಿರಬೇಕು, ಹೆಗಲಿನಿಂದ ಮೇಲಕ್ಕೆ ಎತ್ತಕೂಡದು, ಏಣಿಯ ಮೇಲೆ ನಿಂತು ಬಳಸಕೂಡದು. ನಡೆಯುವಾಗ ಅದನ್ನು ನಿಲ್ಲಿಸಿರಬೇಕು. ಇಳಿಬಿದ್ದ ಪಂಚೆ, ಟವಲು ಮೈಮೇಲೆ ಇರಕೂಡದು. ತಲೆಗೆ ಗಟ್ಟಿ ಟೋಪಿ, ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಜೋಡು ಇವುಗಳನ್ನು ಕೆಲಸ ಮಾಡಿಸುವವನೇ ಒದಗಿಸತಕ್ಕದ್ದು.

೩. ಮರ ಬಿದ್ದ ಬಳಿಕ

ಬಿದ್ದ ಮರವನ್ನು ಕಂಡು ಅಪಾಯವು ಕಳೆಯಿತೆಂದು ತಿಳಿಯಬಾರದು. ಮೇಲೆ ಮುರಿದು ತೂಗುವ ಕೊಂಬೆಗಳು ಬೀಳಲು ತುಸು ಕಾಲ ಬೇಕು. ಅಷ್ಟು ಹೊತ್ತು ಕಾದೇ ಹತ್ತಿರ ಹೋಗಬೇಕು. ಇನ್ನೊಂದು ಮರದ ಮೇಲೆ ಒರಗಿ ನಿಂತ ಮರದ ಕೆಳಗೆ ಯಾರೂ ಹೋಗಕೂಡದು. ಆಸರೆಯಾಗಿರುವ ಮರವನ್ನು ಕಡಿಯಲೂಕೂಡದು. ದೂರದಿಂದ ಉದ್ದವಾದ ಹಗ್ಗ ಕಟ್ಟಿ ಎಳೆಯಿಸಿ ಬೀಳಿಸಬೇಕು. ಇಳಿಜಾರಿನಲ್ಲಿ ದಿಮ್ಮಿ ಉರುಳುವುದರಿಂದ ಕೊಂಬೆ ಸವರುವವನು ಮೇಲ್ಗಡೆಯಲ್ಲಿಯೇ ನಿಲ್ಲತಕ್ಕದ್ದು. ಬಾಗಿ ನೆಲಕ್ಕೆ ಒತ್ತಿಕೊಂಡಿರುವ ಕೊಂಬೆಯು ಬಿಲ್ಲಿನಂತೆ ಚಿಮ್ಮುತ್ತದೆಂಬುದನ್ನು ಮರೆಯಕೂಡದು.

ಗಾಯವಾದರೆ ಶುದ್ಧವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ರಕ್ತ ನಿಲ್ಲುವವರೆಗೆ ಬಲವಾಗಿ ಒತ್ತಿ ಹಿಡಿಯಬೇಕು. ಬೂದಿ, ಸುಣ್ಣ, ಕಾಫಿಪುಡಿ ಹಾಕುವುದು ಕೆಡುಕು. ಬೆನ್ನಿಗೆ ಅಥವಾ ಕುತ್ತಿಗೆಗೆ ಪೆಟ್ಟು ಬಿದ್ದವನನ್ನು ಎತ್ತಿ ಕೂರಿಸಕೂಡದು. ಅಲುಗಿಸದೆ ಮಲಗಿಸಿ ೧೦೮ಕ್ಕೆ ಕರೆ ಮಾಡಿ ವಾಹನವನ್ನು ತರಿಸಬೇಕು. ಎಚ್ಚರ ತಪ್ಪಿದವನಿಗೆ ನೀರು ಕುಡಿಸಕೂಡದು.

೪. ದಂಡದ ವಿಚಾರ

ಈಗ ಎರಡನೆಯ ವಿಷಯ. ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಒಂದು ಹುಣಿಸೆಮರವನ್ನು ಎಳೆಯಲು ತಂದ ಹಗ್ಗವು ಗಿಡ್ಡವಾಗಿದೆ. ಆಳು "ಹಗ್ಗ ಸಾಲದು, ಯಜಮಾನರೇ" ಎನ್ನುತ್ತಾನೆ. ಯಜಮಾನನು "ಹೊತ್ತಾಯಿತು, ಇದರಲ್ಲಿಯೇ ಎಳೆಯಿರಿ" ಎನ್ನುತ್ತಾನೆ. ಮರವು ಉರುಳಿ ಕೊಂಬೆ ತಗುಲಿ ಆಳಿನ ಭುಜ ಮುರಿಯುತ್ತದೆ. ಸರಿದು ನಿಲ್ಲಲಿಲ್ಲವೆಂಬ ತಪ್ಪಿಗೆ ಅವನ ಕೂಲಿಯಲ್ಲಿ ಎರಡು ದಿನದ ಹಣ ಮುರಿಯಲಾಗುತ್ತದೆ. ಇಲ್ಲಿ ದಂಡವು ಬಿದ್ದುದು ತಪ್ಪಿನ ಮೇಲಲ್ಲ, ಗಾಯದ ಮೇಲೆ. ಇದರ ಪರಿಣಾಮವೇನು? ಮುಂದಿನ ಸಲ ಕಾವು ಬಿರಿದಿದ್ದರೂ ಆಳು ಹೇಳುವುದಿಲ್ಲ. ಸಣ್ಣ ಗಾಯವನ್ನು ಬಚ್ಚಿಡುತ್ತಾನೆ. ಮರವು ಒರಗಿ ನಿಂತರೆ ಯಜಮಾನನು ಬರುವುದರೊಳಗೆ ತಾನೇ ಕೆಳಗೆ ನುಗ್ಗಿ ಬಿಡಿಸಲು ನೋಡುತ್ತಾನೆ. ಅನ್ಯಾಯವಾದ ದಂಡವು ಅಪಾಯವನ್ನು ಕಡಿಮೆ ಮಾಡುವುದಿಲ್ಲ, ಕಣ್ಣಿಗೆ ಕಾಣದಂತೆ ಮಾಡುತ್ತದೆ.

ನ್ಯಾಯವಾದ ದಂಡವು ಹೇಗಿರಬೇಕೆಂಬುದಕ್ಕೆ ದೇಶದ ಕಾನೂನಿನಲ್ಲಿಯೇ ಮಾದರಿಯುಂಟು. ೧೯೩೬ರ ವೇತನ ಪಾವತಿ ಕಾಯಿದೆಯು ಕೂಲಿಗಾರರ ಮೇಲೆ ಹಾಕುವ ಜುಲ್ಮಾನೆಗೆ ಎಲ್ಲೆಯನ್ನು ಕಟ್ಟಿತು. ಯಾವ ತಪ್ಪಿಗೆ ದಂಡವೆಂಬುದನ್ನು ಮುಂಚಿತವಾಗಿ ಪ್ರಕಟಿಸಿರಬೇಕು. ಆಳಿಗೆ ತನ್ನ ಸಮಾಧಾನವನ್ನು ಹೇಳಿಕೊಳ್ಳಲು ಅವಕಾಶ ಕೊಡಬೇಕು. ಹದಿನೈದು ವರ್ಷ ತುಂಬದವರಿಗೆ ದಂಡ ಹಾಕಕೂಡದು. ದಂಡವನ್ನು ಪುಸ್ತಕದಲ್ಲಿ ಬರೆದಿಡಬೇಕು. ಆ ಹಣವನ್ನು ಕೆಲಸಗಾರರ ಹಿತಕ್ಕೇ ವೆಚ್ಚ ಮಾಡಬೇಕು. ದಂಡದ ಮಿತಿಯು ಆಗ ರೂಪಾಯಿಗೆ ಅರ್ಧ ಆಣೆ, ಎಂದರೆ ೩೨ರಲ್ಲಿ ಒಂದು ಪಾಲು. ಬಳಿಕ ಅದು ನೂರಕ್ಕೆ ೩ ಎಂದಾಯಿತು. ೨೦೧೯ರ ವೇತನ ಸಂಹಿತೆಯಲ್ಲಿಯೂ ಇದೇ ಮಿತಿಯಿದೆ. ಹತ್ತು ದಿನದ ಕೆಲಸಕ್ಕೆ ೬,೦೦೦ ರೂಪಾಯಿ ಕೂಲಿಯಾದರೆ ಒಟ್ಟು ದಂಡವು ೧೮೦ ರೂಪಾಯಿಯನ್ನು ಮೀರಕೂಡದು. ಎರಡು ದಿನದ ಕೂಲಿಯನ್ನು ಮುರಿಯುವುದು ಈ ಅಳತೆಯಲ್ಲಿ ಎಷ್ಟು ವಿಪರೀತವೆಂಬುದನ್ನು ಓದುಗರೇ ನೋಡಬಹುದು.

ಗಾಯದ ಪರಿಹಾರದಲ್ಲಿಯೂ ಇಂತಹ ನ್ಯಾಯವೇ ಕಾಣುತ್ತದೆ. ೧೯೨೩ರ ಕಾಮಗಾರರ ಪರಿಹಾರ ಕಾಯಿದೆಯು, ಕುಡಿದಿದ್ದುದರಿಂದಾಗಲಿ, ಸ್ಪಷ್ಟವಾಗಿ ತಿಳಿಸಿದ ಎಚ್ಚರಿಕೆಯ ನಿಯಮವನ್ನು ಬೇಕೆಂದೇ ಮೀರಿದುದರಿಂದಾಗಲಿ ಆದ ಗಾಯಕ್ಕೆ ಯಜಮಾನನನ್ನು ಹೊಣೆಯಿಂದ ಬಿಡಿಸಿತು. ಆದರೆ ಆಳು ಸತ್ತುಹೋದರೆ, ಅವನ ಕಡೆಯಿಂದ ಅಂತಹ ತಪ್ಪು ನಡೆದಿದ್ದರೂ, ಅವನನ್ನು ನಂಬಿದ್ದವರ ಪರಿಹಾರವನ್ನು ಆ ನೆಪದಿಂದ ತಪ್ಪಿಸಲು ಬಿಡಲಿಲ್ಲ. "ಸ್ಪಷ್ಟವಾಗಿ ತಿಳಿಸಿದ" ಎಂಬ ಮಾತನ್ನು ಗಮನಿಸಬೇಕು. ಮನಸ್ಸಿನಲ್ಲಿಟ್ಟುಕೊಂಡ ನಿಯಮವು ನಿಯಮವಲ್ಲ. ಈ ಕಾಯಿದೆಗಳು ಪ್ರತಿಯೊಂದು ಹೊಲದ ಕೆಲಸಕ್ಕೂ ತಗಲುವುವೇ ಎಂಬ ವಿಚಾರವು ಬೇರೆ. ಅವುಗಳಲ್ಲಿರುವ ನ್ಯಾಯವು ಎಲ್ಲ ಹೊಲಗಳಿಗೂ ಒಪ್ಪುವಂತಹುದು. ಅದನ್ನನುಸರಿಸಿ ಈ ಕೆಳಗಿನ ಕ್ರಮವನ್ನು ಇಟ್ಟುಕೊಳ್ಳಬಹುದು.

(ಅ) ಪ್ರತಿದಿನ ಕೆಲಸಕ್ಕೆ ತೊಡಗುವ ಮೊದಲು ನಿಯಮಗಳನ್ನು ಎಲ್ಲರಿಗೂ ಕೇಳುವಂತೆ ಹೇಳತಕ್ಕದ್ದು. ಹೇಳದ ನಿಯಮಕ್ಕೆ ದಂಡವಿಲ್ಲ.

(ಆ) ಗಾಯಗೊಂಡವನಿಗೆ ಗಾಯಕ್ಕಾಗಿ ದಂಡವಿಲ್ಲ. ಅಪಾಯವನ್ನು ತಿಳಿಸಿದವನಿಗೂ, ಅಪಾಯವೆಂದು ಕೆಲಸ ನಿಲ್ಲಿಸಿದವನಿಗೂ ದಂಡವಿಲ್ಲ.

(ಇ) ತಿಳಿಯದೆ ಮಾಡಿದ ಮೊದಲ ತಪ್ಪಿಗೆ ಬುದ್ಧಿವಾದವೇ ಸಾಕು. ಅದೇ ತಪ್ಪನ್ನು ಮತ್ತೆ ಮಾಡಿದರೆ ಕಡಿಯುವ ಕೆಲಸದಿಂದ ತೆಗೆದು ಸೌದೆ ಕಟ್ಟುವ ಕೆಲಸಕ್ಕೆ ಹಾಕಬೇಕು. ಕೂಲಿ ಮುರಿಯುವುದಕ್ಕಿಂತ ಇದು ಹೆಚ್ಚು ಫಲಕಾರಿ. ಬೇಕೆಂದೇ ಮೀರಿ ಇನ್ನೊಬ್ಬರ ಪ್ರಾಣಕ್ಕೆ ಅಪಾಯ ತಂದವನಿಗೆ ಮಾತ್ರ, ವಿಚಾರಣೆಯ ಬಳಿಕ, ಮೇಲೆ ಹೇಳಿದ ಮಿತಿಯೊಳಗೆ ಜುಲ್ಮಾನೆ.

(ಈ) ಕುಡಿದು ಬಂದವನನ್ನು ಮರದ ಬಳಿಗೆ ಸೇರಿಸಕೂಡದು. ಆದರೆ ಅವನು ಹಿಂದೆ ಮಾಡಿದ ಕೆಲಸದ ಕೂಲಿಯನ್ನು ತಡೆಹಿಡಿಯಕೂಡದು.

(ಉ) ಬಳಕೆಯಲ್ಲಿ ಸವೆದು ಮುರಿದ ಕೊಡಲಿ, ಗರಗಸ, ಹಗ್ಗಗಳ ನಷ್ಟವು ಒಡೆಯನದು.

(ಊ) ದಂಡದ ಹಣವು ಯಜಮಾನನ ಜೇಬಿಗೆ ಸೇರಕೂಡದು. ಅದರಿಂದ ಔಷಧದ ಪೆಟ್ಟಿಗೆಯನ್ನೋ ಹೊಸ ಹಗ್ಗವನ್ನೋ ತರಬೇಕು.

(ಋ) ಕೆಟ್ಟ ಉಪಕರಣ ಕೊಟ್ಟ, ಅವಸರ ಮಾಡಿದ, ನಿಯಮ ಮೀರಲು ಅಪ್ಪಣೆ ಮಾಡಿದ ಯಜಮಾನನೂ ಗುತ್ತಿಗೆದಾರನೂ ತಪ್ಪಿತಸ್ಥರೇ. ಅವರ ಹೊಣೆಯು ಆಳಿನದಕ್ಕಿಂತ ಹೆಚ್ಚು. ಏಕೆಂದರೆ ಕೆಲಸವನ್ನು ನಿಲ್ಲಿಸುವ ಅಧಿಕಾರವು ಅವರ ಕೈಯಲ್ಲಿತ್ತು.

೫. ಗ್ರಾಮದ ಮುಖಂಡರ ಕರ್ತವ್ಯ

ಮರಕ್ಕೆ ಇಷ್ಟೆಂದು ಗುತ್ತಿಗೆ ಕೊಟ್ಟುಬಿಟ್ಟರೆ ತನ್ನ ಹೊಣೆ ತೀರಿತೆಂದು ಕೆಲವರು ಭಾವಿಸುತ್ತಾರೆ. ಅಂತಹ ಗುತ್ತಿಗೆಯಲ್ಲಿಯೇ ಅವಸರವು ಹೆಚ್ಚು. ಗುತ್ತಿಗೆಯ ಮಾತಾಗುವಾಗಲೇ ಹಗ್ಗ, ಬೆಣೆ, ಟೋಪಿ, ಜೋಡುಗಳನ್ನು ಯಾರು ತರಬೇಕು, ಗಾಯವಾದರೆ ಆಸ್ಪತ್ರೆಯ ವೆಚ್ಚವನ್ನು ಯಾರು ಕೊಡಬೇಕು ಎಂಬುದನ್ನು ಕಾಗದದ ಮೇಲೆ ಬರೆಯಿಸುವುದು ಮುಖಂಡರ ಕರ್ತವ್ಯ. ವ್ಯಾಜ್ಯವು ತಮ್ಮ ಮುಂದೆ ಬಂದಾಗ ಅವರು "ಯಾರಿಗೆ ಪೆಟ್ಟು ಬಿತ್ತು?" ಎಂದು ಮೊದಲು ಕೇಳದೆ, "ಯಾವ ನಿಯಮ ಹೇಳಿತ್ತು? ಯಾರು ಹೇಳಿದರು? ಅದನ್ನು ನಡೆಸಲು ಬೇಕಾದ ಉಪಕರಣವು ಅಲ್ಲಿತ್ತೇ?" ಎಂದು ಕೇಳಬೇಕು. ಈ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆತರೆ ತಪ್ಪು ಯಾರದೆಂಬುದು ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುವುದು.

ಉದ್ದವಾದ ಒಂದು ಹಗ್ಗಕ್ಕೂ ನಾಲ್ಕು ಬೆಣೆಗಳಿಗೂ ತಗಲುವ ವೆಚ್ಚವು ಆಸ್ಪತ್ರೆಯ ಒಂದು ದಿನದ ವೆಚ್ಚಕ್ಕೂ ಸಮನಾಗದು. ಆದುದರಿಂದ ಈ ಸಲ ಮರ ಕಡಿಸುವ ಮೊದಲು ಹಗ್ಗವನ್ನು ಅಳೆದು ನೋಡಿರಿ, ನಿಯಮಗಳನ್ನು ಆಳುಗಳಿಗೆ ಓದಿ ಹೇಳಿರಿ, ಅವರಲ್ಲಿ ಯಾರಾದರೂ "ಇದು ಅಪಾಯ" ಎಂದರೆ ಕೊಡಲಿಯನ್ನು ಕೆಳಗಿಡಿಸಿ ವಿಚಾರಿಸಿರಿ.