ಕಾಯಿಸಿದರೂ ಉಳಿಯುವ ನಂಜು

ಹಾಲು ಎಂತಹುದೇ ಬರಲಿ, ಚೆನ್ನಾಗಿ ಕಾಯಿಸಿದರೆ ದೋಷವೆಲ್ಲ ಹೋಗುತ್ತದೆ ಎಂಬ ನಂಬಿಕೆ ನಮ್ಮ ಸಣ್ಣ ಉದ್ದಿಮೆದಾರರಲ್ಲಿ ಬಲವಾಗಿ ಬೇರೂರಿದೆ. ಅದು ಅರ್ಧಸತ್ಯ. ಉಳಿದರ್ಧಕ್ಕೆ ತೆರಬೇಕಾದ ಬೆಲೆಯನ್ನು 2000ನೇ ಇಸವಿಯಲ್ಲಿ ಜಪಾನಿನ ಸ್ನೋ ಬ್ರ್ಯಾಂಡ್ ಸಂಸ್ಥೆ ತೆತ್ತಿತು.

ಆ ವರ್ಷದ ಜೂನ್ ಕೊನೆಯಲ್ಲಿ ಸಂಸ್ಥೆಯ ಒಸಾಕಾ ಘಟಕದ ಕಡಿಮೆ ಕೊಬ್ಬಿನ ಹಾಲನ್ನು ಕುಡಿದ 13,000ಕ್ಕೂ ಹೆಚ್ಚು ಜನರು ವಾಂತಿ, ಭೇದಿಗೆ ತುತ್ತಾದರು. ಮೊದಲು ಸಂಶಯಕ್ಕೆ ಒಳಗಾದುದು ಆ ಘಟಕದ ಕೊಳಕು ವಾಲ್ವ್. ಆದರೆ ತನಿಖೆ ದೂರದ ಹೊಕ್ಕೈಡೊ ದ್ವೀಪದ ತೈಕಿ ಕಾರ್ಖಾನೆಗೆ ಹೋಗಿ ಮುಟ್ಟಿತು. ಮಾರ್ಚ್ 31ರಂದು ಅಲ್ಲಿ ಸುಮಾರು ಮೂರು ಗಂಟೆ ವಿದ್ಯುತ್ ನಿಂತಿತ್ತು. ಯಂತ್ರಗಳೊಳಗಿನ ಹಾಲು ತಣ್ಣಗಾಗದೆ ಬೆಚ್ಚಗೇ ಉಳಿದಿತ್ತು. ಅದರಿಂದಾದ ಕೆನೆರಹಿತ ಹಾಲಿನ ಪುಡಿಯಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿದುದು ತಿಳಿದ ಮೇಲೂ, ಅದನ್ನು ಚೆಲ್ಲದೆ ಏಪ್ರಿಲ್ 10ರಂದು ಕರಗಿಸಿ ಮತ್ತೆ ಪುಡಿ ಮಾಡಲಾಯಿತು. ಎರಡನೆಯ ಪುಡಿ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು!

ಕಾರಣ ಸರಳ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಈ ಬ್ಯಾಕ್ಟೀರಿಯಾ ಹಸುವಿನ ಕೆಚ್ಚಲು ಬಾವಿನಲ್ಲಿಯೂ ಹಾಲು ಕರೆಯುವವರ ಮೂಗು ಹಾಗೂ ಕೈಯ ಹುಣ್ಣುಗಳಲ್ಲಿಯೂ ಇರುತ್ತದೆ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿದರೆ ಅದು ಸಾಯುತ್ತದೆ. ಆದರೆ ಬೆಚ್ಚಗಿನ ಹಾಲಿನಲ್ಲಿ ವೃದ್ಧಿಯಾಗುವಾಗ ಅದು ಹೊರಹಾಕಿದ ನಂಜು ಕುದಿಸಿದರೂ ನಾಶವಾಗದು. ಎಣಿಸಲು ಜೀವಂತ ಬ್ಯಾಕ್ಟೀರಿಯಾ ಇಲ್ಲದ ಕಡೆಯಲ್ಲಿ ಪರೀಕ್ಷಾ ವರದಿ ಶುದ್ಧವೆಂದೇ ಬರುತ್ತದೆ.

ಇನ್ನಷ್ಟು ಖೇದಕರವಾದ ಸಂಗತಿಯೊಂದಿದೆ. 1955ರಲ್ಲಿ ಇದೇ ಸಂಸ್ಥೆಯ ಯಾಕುಮೊ ಕಾರ್ಖಾನೆಯಲ್ಲಿ ವಿದ್ಯುತ್ ಕಡಿತ ಮತ್ತು ಯಂತ್ರದೋಷದಿಂದ ಕೆಟ್ಟ ಹಾಲಿನ ಪುಡಿ ಟೋಕಿಯೊದ 1,900ಕ್ಕೂ ಹೆಚ್ಚು ಶಾಲಾಮಕ್ಕಳನ್ನು ಅಸ್ವಸ್ಥಗೊಳಿಸಿತ್ತು. ನಲವತ್ತೈದು ವರ್ಷಗಳಲ್ಲಿ ಆ ಪಾಠ ಮರೆತುಹೋಗಿತ್ತೆನ್ನಬೇಕು. 2002ರಲ್ಲಿ ಅಂಗಸಂಸ್ಥೆಯೊಂದರ ಮಾಂಸದ ವಂಚನೆಯೂ ಬಯಲಾಗಿ, 2003ರಲ್ಲಿ ಸಂಸ್ಥೆಯ ಕುಡಿಯುವ ಹಾಲಿನ ವಹಿವಾಟು ಬೇರೊಂದು ಜಂಟಿ ಕಂಪೆನಿಯ ಪಾಲಾಯಿತು.

ವಿದ್ಯುತ್ ಕಡಿತ ನಮಗೆ ಹೊಸದಲ್ಲ. ಜನರೇಟರ್ ಇದ್ದರೆ ಸಾಲದು; ಅದು ಶೈತ್ಯಯಂತ್ರಕ್ಕೂ ಜೋಡಣೆಯಾಗಿರಬೇಕು. ಹಾಲು ಎಷ್ಟು ಹೊತ್ತು, ಎಷ್ಟು ಉಷ್ಣತೆಯಲ್ಲಿ ನಿಂತಿತ್ತೆಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು, ಸಂದೇಹ ಬಂದ ಹಾಲನ್ನು ಚೆಲ್ಲುವ ಅಧಿಕಾರ ರಾತ್ರಿ ಪಾಳಿಯ ಮೇಲ್ವಿಚಾರಕನಿಗೇ ಇರಬೇಕು. ಮಾಲೀಕರ ಅಪ್ಪಣೆಗೆ ಕಾಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕೊಟ್ಟಿಗೆಯ ಮಟ್ಟದಲ್ಲಿ ಕೆಚ್ಚಲು ತೊಳೆಯುವುದು, ಬಾವು ಬಂದ ಹಸುವಿನ ಹಾಲನ್ನು ಬೇರೆಯಿಡುವುದು, ಕರೆದ ಹಾಲನ್ನು ಬೇಗನೆ 4 ಡಿಗ್ರಿಗೆ ಇಳಿಸುವುದು ಅಗತ್ಯ. ಪೇಡ, ಐಸ್‌ಕ್ರೀಂ ತಯಾರಿಕೆಗೆ ಹಾಲಿನ ಪುಡಿ ಕೊಳ್ಳುವವರು ಬ್ಯಾಕ್ಟೀರಿಯಾ ಎಣಿಕೆಯ ವರದಿಯೊಂದನ್ನೇ ನೆಚ್ಚದೆ, ಆ ಪುಡಿ ಮರುಸಂಸ್ಕರಿಸಿದ ಸರಕೇ ಎಂಬುದನ್ನೂ ಮಾರಾಟಗಾರರಿಂದ ಲಿಖಿತವಾಗಿ ಕೇಳಿ ಪಡೆಯಬಹುದು.