ಮಾರಾಟದ ನಂತರ ಬರುವ ಸಾಗಣೆ ಬಿಲ್ಲು: ಅಂತರಜಾಲ ವ್ಯಾಪಾರಿಗಳು ಗಮನಿಸಬೇಕಾದ ಅಂಶಗಳು

ಸಾಕಷ್ಟು ಅಂಚೆಚೀಟಿ ಅಂಟಿಸದ ಪತ್ರವನ್ನು ‘ಬೇರಿಂಗ್’ ಎಂದು ಗುರುತಿಸಿ, ಕಡಿಮೆ ಬಿದ್ದ ಹಣದ ಎರಡರಷ್ಟನ್ನು ಪತ್ರ ಪಡೆಯುವವರಿಂದ ವಸೂಲು ಮಾಡುತ್ತಿದ್ದ ಪದ್ಧತಿ ಹಿರಿಯ ವರ್ತಕರಿಗೆ ನೆನಪಿರಬಹುದು. ಅಲ್ಲಿ ಕಳುಹಿಸಿದವರ ತಪ್ಪಿಗೆ ಪಡೆದವರು ದಂಡ ತೆರುತ್ತಿದ್ದರು. ಇಂದಿನ ಅಂತರಜಾಲ ವ್ಯಾಪಾರದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಸರಕು ಗ್ರಾಹಕರ ಕೈ ಸೇರಿ, ಹಣ ಜಮೆಯಾಗಿ, ಲಾಭದ ಲೆಕ್ಕವೂ ಮುಗಿದ ಮೇಲೆ, ಕೊರಿಯರ್ ಸಂಸ್ಥೆಯಲ್ಲಿ ವರ್ತಕರು ಮುಂಗಡವಾಗಿ ಇಟ್ಟ ಹಣದಿಂದ ‘ತೂಕದ ವ್ಯತ್ಯಾಸ’ ಎಂಬ ಬಾಬ್ತಿನಲ್ಲಿ ಮತ್ತೊಂದಿಷ್ಟು ಮೊತ್ತ ಕಡಿತವಾಗಿರುತ್ತದೆ. ಒಂದೊಂದು ಪಾರ್ಸೆಲ್ಲಿಗೆ ನೂರು-ನೂರೈವತ್ತು ರೂಪಾಯಿಗಳೆಂದು ಅಲಕ್ಷಿಸಿದವರು ವರ್ಷಾಂತ್ಯದಲ್ಲಿ ಖಾತೆ ನೋಡಿದಾಗ, ಮಾರಾಟ ಹೆಚ್ಚಿದ್ದರೂ ಲಾಭ ಏಕೆ ಕುಗ್ಗಿದೆ ಎಂಬ ಪ್ರಶ್ನೆ ಎದುರಾಗುತ್ತದೆ.

ಇಂತಹ ಕಡಿತಗಳನ್ನು ಅನಿರೀಕ್ಷಿತವೆಂದು ಕರೆಯುವುದು ರೂಢಿಯಾದರೂ, ಇವುಗಳ ಪೈಕಿ ಬಹುಪಾಲು ಪೆಟ್ಟಿಗೆಯ ಅಳತೆಯಲ್ಲಿಯೂ ಒಪ್ಪಂದದ ಷರತ್ತುಗಳಲ್ಲಿಯೂ ಮೊದಲೇ ಅಡಗಿರುತ್ತವೆ. ಆದ್ದರಿಂದ ಮಾರಾಟದ ಬೆಲೆಯನ್ನು ನಿಗದಿಪಡಿಸುವ ಹಂತದಲ್ಲಿಯೇ ಇವುಗಳನ್ನು ಕಂಡುಕೊಳ್ಳುವುದು ಸಾಧ್ಯ.

ತೂಕವೆಂದರೆ ಯಾವ ತೂಕ?

ಕೊರಿಯರ್ ಸಂಸ್ಥೆಗಳು ಪಾರ್ಸೆಲ್ಲಿಗೆ ಎರಡು ತೂಕಗಳನ್ನು ಲೆಕ್ಕ ಹಾಕುತ್ತವೆ. ಒಂದು, ತಕ್ಕಡಿಯಲ್ಲಿ ಬರುವ ನಿಜವಾದ ತೂಕ. ಇನ್ನೊಂದು, ಪೆಟ್ಟಿಗೆಯು ವಾಹನದಲ್ಲಿ ಆಕ್ರಮಿಸುವ ಜಾಗವನ್ನು ತೂಕವಾಗಿ ಪರಿವರ್ತಿಸಿದ್ದು. ಇದನ್ನು ವಾಲ್ಯೂಮೆಟ್ರಿಕ್ ತೂಕ ಎನ್ನುತ್ತಾರೆ. ಇಲ್ಲಿ ಗಾತ್ರತೂಕ ಎಂದು ಕರೆಯೋಣ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದ ಮೊತ್ತವನ್ನು ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಗಾತ್ರತೂಕವು ಕಿಲೋಗ್ರಾಮಿನಲ್ಲಿ ದೊರೆಯುತ್ತದೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಅನ್ವಯಿಸುತ್ತದೆ.

ಇಳಕಲ್ ಸೀರೆಯ ವ್ಯಾಪಾರಿಗೆ ಈ ನಿಯಮದಿಂದ ಹೆಚ್ಚಿನ ತೊಂದರೆಯಿಲ್ಲ. ಮಡಿಸಿದ ಸೀರೆ ಸಣ್ಣ ಜಾಗದಲ್ಲಿ ಕೂರುತ್ತದೆ. ಬೆಳಗಾವಿಯ ಎರಕದ ಬಿಡಿಭಾಗಗಳಲ್ಲಂತೂ ನಿಜವಾದ ತೂಕವೇ ಮೇಲುಗೈ. ಪೆಟ್ಟು ಬೀಳುವುದು ಹಗುರವಾದ, ಜಾಗ ತಿನ್ನುವ ಸರಕಿಗೆ. ಒಣಗಿದ ಬ್ಯಾಡಗಿ ಮೆಣಸಿನಕಾಯಿ, ಬಿದಿರಿನ ಬುಟ್ಟಿ, ಚನ್ನಪಟ್ಟಣದ ಆಟಿಕೆಗಳು ಈ ಗುಂಪಿಗೆ ಸೇರುತ್ತವೆ.

ಚನ್ನಪಟ್ಟಣದ ಆಟಿಕೆಗಳಿಗೆ ಸಾಂಪ್ರದಾಯಿಕವಾಗಿ ಬಳಸುವ ಹಾಲೆಮರ ಹಗುರ ಮರ. ಅಂತಹ ಆಟಿಕೆಗಳ ಒಂದು ಜೋಡಣೆಯನ್ನು 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿ ಕಳುಹಿಸಲಾಗುತ್ತದೆ ಎಂದಿಟ್ಟುಕೊಳ್ಳೋಣ. ತಕ್ಕಡಿಯಲ್ಲಿ ತೂಕ 900 ಗ್ರಾಂ. ವರ್ತಕರು ಒಂದು ಕಿಲೋ ಎಂದು ನಮೂದಿಸುತ್ತಾರೆ. ಆದರೆ ಗಾತ್ರದ ಗುಣಾಕಾರ 15,000. ಅದನ್ನು 5000ದಿಂದ ಭಾಗಿಸಿದರೆ 3 ಕಿಲೋ. ದರಗಳು ಬಹುತೇಕ 500 ಗ್ರಾಂಗಳ ಹಂತಗಳಲ್ಲಿ ಏರುತ್ತವೆ. ಲೆಕ್ಕದ ಅನುಕೂಲಕ್ಕಾಗಿ ಪ್ರತಿ ಹಂತಕ್ಕೆ 40 ರೂ. ಎಂದು ಭಾವಿಸಿದರೆ, ವರ್ತಕರು ನಿರೀಕ್ಷಿಸಿದ್ದು 80 ರೂ., ಬಿಲ್ಲಾಗುವುದು 240 ರೂ. ವ್ಯತ್ಯಾಸದ 160 ರೂ. ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ 28.80 ರೂ. ಸೇರಿ, ಒಟ್ಟು 188.80 ರೂ. ನಂತರ ಕಡಿತವಾಗುತ್ತದೆ. ಇಲ್ಲಿ ಕೊರಿಯರ್ ಸಂಸ್ಥೆ ಮೋಸ ಮಾಡಿಲ್ಲ.

ಅದೇ ಆಟಿಕೆಗಳನ್ನು ಬಿಡಿಸಿ ಜೋಡಿಸಿ 25, 20, 15 ಸೆಂ.ಮೀ. ಪೆಟ್ಟಿಗೆಯಲ್ಲಿ ಕೂರಿಸಬಹುದಾದರೆ ಗಾತ್ರತೂಕ 1.5 ಕಿಲೋಗೆ ಇಳಿಯುತ್ತದೆ. ವೆಚ್ಚ ತೆರಿಗೆಗೆ ಮುನ್ನ 120 ರೂ. ಪೆಟ್ಟಿಗೆ ತಯಾರಕರಿಂದ ಸರಿಯಾದ ಅಳತೆಯ ರಟ್ಟಿನ ಪೆಟ್ಟಿಗೆಗಳನ್ನು ಮಾಡಿಸುವುದು ಮೊದಲಿಗೆ ದುಬಾರಿಯೆನಿಸಬಹುದು. ಆದರೆ ಪೇಟೆಯಲ್ಲಿ ಸಿಗುವ ದೊಡ್ಡ ಪೆಟ್ಟಿಗೆಯನ್ನೇ ತಂದು ಖಾಲಿ ಜಾಗಕ್ಕೆ ಕಾಗದ ತುರುಕುವವರು ಪ್ರತಿ ಪಾರ್ಸೆಲ್ಲಿನಲ್ಲೂ ಗಾಳಿಗೆ ಬಾಡಿಗೆ ಕಟ್ಟುತ್ತಿರುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಬಿಗಿಯಾಗಿ ತುಂಬಿದ ಪೆಟ್ಟಿಗೆಯ ಪಕ್ಕಗಳು ಉಬ್ಬುತ್ತವೆ. ಮೇಲಿನ ಸಣ್ಣ ಪೆಟ್ಟಿಗೆ ಪ್ರತಿ ದಿಕ್ಕಿಗೂ ಒಂದು ಸೆಂಟಿಮೀಟರ್ ಉಬ್ಬಿದರೆ 26, 21, 16 ಆಗುತ್ತದೆ, ಗುಣಾಕಾರ 8,736, ಗಾತ್ರತೂಕ ಸುಮಾರು 1.75 ಕಿಲೋ; ಅಂದರೆ 2 ಕಿಲೋ ಹಂತದ ದರ. ಬೆರಳಗಲದ ಉಬ್ಬಿಗೆ ಪೂರ್ತಿ ಒಂದು ಹಂತದ ಹಣ ಹೋಗುತ್ತದೆ. ಆದ್ದರಿಂದ ಅಳತೆಯನ್ನು ಖಾಲಿ ಪೆಟ್ಟಿಗೆಗಲ್ಲ, ತುಂಬಿ ಟೇಪು ಹಾಕಿದ ಪೆಟ್ಟಿಗೆಗೆ ತೆಗೆದುಕೊಳ್ಳತಕ್ಕದ್ದು. ಭಾಜಕವೂ ಎಲ್ಲೆಡೆ 5000 ಎಂದು ನಂಬಬಾರದು. ಅದು 4000 ಇದ್ದಲ್ಲಿ ನಮ್ಮ ಮೊದಲ ಪೆಟ್ಟಿಗೆ 3.75 ಕಿಲೋ ಆಗಿ 4 ಕಿಲೋ ದರಕ್ಕೆ ಏರುತ್ತದೆ. ಪ್ರತಿ ಕಿಲೋ ದರ ಕಡಿಮೆಯೆಂದು ಸಂಸ್ಥೆ ಬದಲಿಸುವ ಮುನ್ನ ಈ ಒಂದು ಅಂಕಿಯನ್ನು ಕೇಳಿ ತಿಳಿಯುವುದು ಒಳಿತು.

ತಪ್ಪು ಕಡಿತವಾದಾಗ

ಎಲ್ಲ ಕಡಿತಗಳೂ ನ್ಯಾಯವಾದವುಗಳಲ್ಲ. ಯಂತ್ರದಲ್ಲಿ ಎರಡು ಪಾರ್ಸೆಲ್ಲುಗಳು ಒಟ್ಟಿಗೆ ಹೋದಾಗ, ಅಥವಾ ಚೀಲದ ಕಿವಿಯನ್ನೂ ಸೇರಿಸಿ ಅಳೆದಾಗ, ಇಲ್ಲದ ಗಾತ್ರ ದಾಖಲಾಗುವುದುಂಟು. ಆಕ್ಷೇಪ ಸಲ್ಲಿಸಲು ಸಾಮಾನ್ಯವಾಗಿ ಕೆಲವೇ ದಿನಗಳ ಗಡುವು ಇರುತ್ತದೆ. ಅದು ಮೀರಿದರೆ ಮೌನವನ್ನು ಸಮ್ಮತಿಯೆಂದು ಪರಿಗಣಿಸುವ ಷರತ್ತು ಬಹಳಷ್ಟು ಒಪ್ಪಂದಗಳಲ್ಲಿದೆ. ತಿಂಗಳಿಗೊಮ್ಮೆ ಲೆಕ್ಕ ನೋಡುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ವಾರಕ್ಕೆ ಎರಡು ಬಾರಿಯಾದರೂ ನೋಡಬೇಕು.

ಆಕ್ಷೇಪಕ್ಕೆ ಬೇಕಾದದ್ದು ಸಾಕ್ಷ್ಯ. ಪಾರ್ಸೆಲ್ಲು ತಕ್ಕಡಿಯ ಮೇಲಿರುವ ಒಂದು ಚಿತ್ರ, ಮೂರೂ ಬದಿಗಳಿಗೆ ಅಳತೆಪಟ್ಟಿ ಹಿಡಿದ ಚಿತ್ರಗಳು, ಪ್ರತಿಯೊಂದರಲ್ಲಿಯೂ ವಿಳಾಸದ ಚೀಟಿಯ ಸಂಖ್ಯೆ ಸ್ಪಷ್ಟವಾಗಿ ಕಾಣುವಂತಿರಬೇಕು. ಒಂದೇ ಮಾದರಿಯ ಸರಕನ್ನು ನಿತ್ಯ ಕಳುಹಿಸುವವರು ಆ ಪೆಟ್ಟಿಗೆಯ ಅಳತೆ-ತೂಕಗಳನ್ನು ಮುಂಚಿತವಾಗಿಯೇ ಸಂಸ್ಥೆಯಿಂದ ಒಪ್ಪಿಸಿಕೊಂಡು ದಾಖಲಿಸಬಹುದಾದ ಸೌಲಭ್ಯವನ್ನು ಕೆಲವು ಕಡೆ ನೀಡಲಾಗುತ್ತದೆ. ಕೇಳದೆ ಯಾರೂ ಹೇಳುವುದಿಲ್ಲ.

ತಕ್ಕಡಿಯ ವಿಚಾರದಲ್ಲಿಯೂ ಒಂದು ಮಾತು. ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರಿಶೀಲಿಸಿ ಮುದ್ರೆ ಹಾಕಿಸುವುದು ಕಡ್ಡಾಯ. ಇದನ್ನು ಬರಿಯ ತಪಾಸಣೆಯ ಭಯಕ್ಕೆಂದು ತಿಳಿಯಬಾರದು. ತೂಕದ ವಿವಾದ ಬಂದಾಗ, ಮುದ್ರೆಯಿರುವ ತಕ್ಕಡಿಯ ಚಿತ್ರಕ್ಕಿರುವ ಬೆಲೆ ಅಡಿಗೆಮನೆಯ ತಕ್ಕಡಿಯ ಚಿತ್ರಕ್ಕಿರುವುದಿಲ್ಲ.

ಅಂಚೆ ಕಚೇರಿಯ ಕೌಂಟರಿನಲ್ಲಿ ತೂಕ ಮಾಡಿಸಿ ರಶೀದಿ ಪಡೆದರೆ ದರವು ಸಾಮಾನ್ಯವಾಗಿ ಅಲ್ಲಿಯೇ ಇತ್ಯರ್ಥವಾಗುವುದರಿಂದ, ದಿನಕ್ಕೆ ನಾಲ್ಕಾರು ಪಾರ್ಸೆಲ್ಲು ಕಳುಹಿಸುವವರಿಗೆ ಅದು ಇಂದಿಗೂ ನೆಮ್ಮದಿಯ ದಾರಿ. ಆದರೆ ಹಳೆಯ ದರಪಟ್ಟಿಯನ್ನು ಗೋಡೆಯಿಂದ ತೆಗೆಯಬೇಕು. 2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನಗೊಳಿಸಲಾಗಿದೆ. ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರಗಳೂ ಪರಿಷ್ಕೃತವಾಗಿವೆ. ಅಗ್ಗದ ರಿಜಿಸ್ಟರ್ಡ್ ದರವನ್ನು ನಂಬಿ ಬೆಲೆ ನಿಗದಿಪಡಿಸಿದ ಪುಸ್ತಕ, ಪೂಜಾ ಸಾಮಗ್ರಿ ವ್ಯಾಪಾರಿಗಳು ಲೆಕ್ಕವನ್ನು ಪುನಃ ಹಾಕಬೇಕಾಗುತ್ತದೆ.

ಮರಳಿ ಬಂದ ಸರಕು

ಮನೆ ಬಾಗಿಲಲ್ಲಿ ಹಣ ಪಡೆಯುವ ವ್ಯವಸ್ಥೆಯಲ್ಲಿ ಗ್ರಾಹಕರು ಪಾರ್ಸೆಲ್ಲನ್ನು ನಿರಾಕರಿಸಿದರೆ ಹೋಗುವ, ಬರುವ ಎರಡೂ ಬಾಡಿಗೆ ವರ್ತಕರದೇ. ಹಿಂದಿನ ಉದಾಹರಣೆಯಲ್ಲಿ ಸಾಗಣೆ ಕಳೆದು ಒಂದು ಜೋಡಣೆಗೆ 150 ರೂ. ಲಾಭವಿದೆ ಎನ್ನೋಣ. ಹತ್ತು ಬೇಡಿಕೆಗಳಲ್ಲಿ ಎರಡು ಮರಳಿದರೆ, ಎಂಟರ ಲಾಭ 1,200 ರೂ.; ಎರಡರ ಹೋಗಿಬರುವ ಬಾಡಿಗೆ, ತೆರಿಗೆ ಬಿಟ್ಟರೂ, 480 ರೂ. ಲಾಭದ ಶೇ. 40 ಕರಗಿತು. ಕಳುಹಿಸುವ ಮುನ್ನ ದೂರವಾಣಿಯಲ್ಲಿ ವಿಳಾಸ, ಪಿನ್‌ಕೋಡ್ ಖಚಿತಪಡಿಸಿಕೊಳ್ಳುವುದು, ಮೊದಲೇ ಹಣ ಪಾವತಿಸಿದವರಿಗೆ ಸಣ್ಣ ರಿಯಾಯಿತಿ ನೀಡುವುದು, ಇವೆರಡೂ ಈ ನಷ್ಟಕ್ಕಿಂತ ಅಗ್ಗ.

ಗ್ರಾಹಕರಿಂದ ವಸೂಲು ಮಾಡಬಹುದೇ?

ಹೆಚ್ಚುವರಿ ಬಾಡಿಗೆಯನ್ನು ಗ್ರಾಹಕರಿಗೆ ತಿಳಿಸಿ ಕೇಳಿದರೆ ತಪ್ಪೇನು ಎಂದು ಕೆಲವು ಸದಸ್ಯರು ಪ್ರಶ್ನಿಸಬಹುದು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಮಾರಾಟಗಾರರು ಅಂಚೆ, ನಿರ್ವಹಣೆ, ಸಾಗಣೆ ಶುಲ್ಕ ಹಾಗೂ ತೆರಿಗೆಗಳನ್ನೊಳಗೊಂಡ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ಅದರ ವಿಂಗಡಣೆಯ ಸಹಿತ, ತಿಳಿಸಬೇಕು. ಮೊದಲು ಕಡಿಮೆ ಬೆಲೆ ತೋರಿಸಿ ಹಂತಹಂತವಾಗಿ ಶುಲ್ಕ ಸೇರಿಸುವುದನ್ನು 2023ರ ನವೆಂಬರಿನ ಮಾರ್ಗಸೂಚಿಗಳು ವಂಚಕ ವಿಧಾನಗಳ ಪಟ್ಟಿಯಲ್ಲಿ ಸೇರಿಸಿವೆ. ಹೀಗಾಗಿ ಒಮ್ಮೆ ಬೆಲೆ ಒಪ್ಪಿ ಹಣ ಪಡೆದ ಮೇಲೆ ವ್ಯತ್ಯಾಸವನ್ನು ವರ್ತಕರೇ ಭರಿಸುವುದು ಕ್ಷೇಮ. ಕಳುಹಿಸುವ ಮುನ್ನವೇ ತಪ್ಪು ಗೊತ್ತಾದರೆ, ಗ್ರಾಹಕರಿಗೆ ತಿಳಿಸಿ, ಅವರು ಒಪ್ಪದಿದ್ದಲ್ಲಿ ಪೂರ್ತಿ ಹಣ ಹಿಂದಿರುಗಿಸುವ ದಾರಿಯಿದೆ.

ನೋಂದಾಯಿತ ವರ್ತಕರು ಕೊರಿಯರ್ ಖಾತೆಯಲ್ಲಿ ತಮ್ಮ ಜಿ.ಎಸ್.ಟಿ. ಸಂಖ್ಯೆ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು; ಇಲ್ಲವಾದರೆ ವ್ಯತ್ಯಾಸದ ಬಿಲ್ಲಿನ ಮೇಲಿನ ಶೇ. 18 ಹೂಡುವಳಿ ತೆರಿಗೆ ಜಮೆಯೂ ಕೈತಪ್ಪುತ್ತದೆ. ಸರಕಿನ ಬಿಲ್ಲಿನಲ್ಲಿಯೇ ಗ್ರಾಹಕರಿಂದ ಪಡೆಯುವ ಸಾಗಣೆ ಶುಲ್ಕಕ್ಕೆ ಸಾಮಾನ್ಯವಾಗಿ ಆ ಸರಕಿನ ತೆರಿಗೆ ದರವೇ ಅನ್ವಯವಾಗುತ್ತದೆ ಎಂಬುದನ್ನೂ ತಮ್ಮ ಲೆಕ್ಕಪರಿಶೋಧಕರೊಂದಿಗೆ ಚರ್ಚಿಸುವುದು.

ವಿದೇಶದ ಗ್ರಾಹಕರು

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಸೀರೆ, ಆಟಿಕೆ, ತಿಂಡಿ ಕಳುಹಿಸುವ ಸಣ್ಣ ವ್ಯಾಪಾರ ನಮ್ಮ ಹಲವು ಊರುಗಳಲ್ಲಿದೆ. 800 ಡಾಲರ್‌ವರೆಗಿನ ಸರಕಿಗೆ ಅಲ್ಲಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಲಾಯಿತು. ಆಗಸ್ಟ್ 25ರಿಂದ ಬಹುತೇಕ ಸರಕಿಗೆ ಸ್ಥಗಿತಗೊಂಡಿದ್ದ ನಮ್ಮ ಅಂಚೆ ಸೇವೆಯು ಅಕ್ಟೋಬರ್ 15ರಂದು ಪುನಃ ಆರಂಭವಾದಾಗ, ಸುಂಕವನ್ನು ಇಲ್ಲಿಯೇ ಮುಂಗಡವಾಗಿ ಕಟ್ಟಿಸಿಕೊಳ್ಳುವ ಕ್ರಮ ಜಾರಿಗೆ ಬಂದಿತು. ಸುಂಕದ ದರಗಳು ಪದೇ ಪದೇ ಬದಲಾಗುವುದರಿಂದ, ಬೇಡಿಕೆ ಒಪ್ಪಿಕೊಳ್ಳುವ ದಿನವೇ ಅಂಚೆ ಕಚೇರಿಯಲ್ಲಿ ಅಥವಾ ಕೊರಿಯರ್ ಸಂಸ್ಥೆಯಲ್ಲಿ ದರ ವಿಚಾರಿಸತಕ್ಕದ್ದು. ಖಾಸಗಿ ಕೊರಿಯರ್ ಮೂಲಕ ಕಳುಹಿಸುವಾಗ ಸುಂಕ ಯಾರದು ಎಂಬುದನ್ನು ಬಿಲ್ಲಿನಲ್ಲಿ ಬರೆಯದೆ ಬಿಟ್ಟರೆ, ಗ್ರಾಹಕರು ಬಾಗಿಲಲ್ಲಿ ಸುಂಕ ಕಟ್ಟಲು ನಿರಾಕರಿಸಬಹುದು. ಆಗ ಸಮುದ್ರದಾಚೆಯಿಂದ ಮರಳುವ ಬಾಡಿಗೆಯೂ ಕಳುಹಿಸಿದವರ ಖಾತೆಗೇ ಬರುತ್ತದೆ.